ನಿನ್ನ ಹೆಸರಿಗೆ ಬರೆಸಿಕೊಂಡ ಮೂವತ್ತೆಂಟು ಚೆಂಡುಗಳು

ಫಾಲ್ ರಿವರ್,
ಭಾನುವಾರ, ೯ ಜೂನ್ ೧೯೯೬

ಪ್ರೀತಿಯ ತಮ್ಮ ಟಿಬ್,

ಹೇಗಿದ್ದೀಯ? ಮೊದಲು ನಿನ್ನ ಮಂಡಿಯ ವಿಷಯ ಬರೆ. ಅಂಗಡಿಯಲ್ಲಿ ಬಿತ್ತನೆ ಜೋಳದ ಮೂಟೆ ಎತ್ತುವಾಗ ನಿನ್ನ ಎಡಮಂಡಿ ಕಟಕ್ಕೆಂದಿತು ಎಂದು ಇಂಗಾ ಕ್ರಿಸ್‌ಮಸ್ ಕಾರ್ಡಿನ ಮೂಲೆಯಲ್ಲಿ ಒಂದು ಸಾಲು ಗೀಚಿದ್ದಳು. ಆಮೇಲೆ ಏನಾಯಿತೆಂದು ನೀನೂ ಬರೆಯಲಿಲ್ಲ, ಅವಳೂ ಬರೆಯಲಿಲ್ಲ. ಏಳನೇ ವಯಸ್ಸಿನಿಂದ ಚೆಂಡು ಹಿಡಿಯಲು ಕುಕ್ಕರಗಾಲಲ್ಲಿ ಕೂತವನ ಮಂಡಿ ಐವತ್ಮೂರಕ್ಕೆ ಇನ್ನು ಹೇಗಿರುತ್ತದೆ, ಹೇಳು. ಬಲಗೈಯ ನಡುಬೆರಳು ಚಳಿಗೆ ಈಗಲೂ ಸೆಟೆದುಕೊಳ್ಳುತ್ತದೆಯೇ? ಆ ಬೆರಳು ಮುರಿದದ್ದು ನನ್ನ ಚೆಂಡಿನಿಂದ, ಅದಕ್ಕೇ ಕೇಳುತ್ತಿದ್ದೇನೆ. ಇಂಗಾಳ ಪಿತ್ತಕೋಶದ ಕಲ್ಲು ತೆಗೆಸಿದಿರಾ? ಮುಂದೂಡಬೇಡಿ, ಓಡೆಟ್‌ಳ ಅಕ್ಕ ಹಾಗೇ ಮುಂದೂಡಿ ಫಜೀತಿ ಮಾಡಿಕೊಂಡಳು.

ನನ್ನ ಬಗ್ಗೆ ಹೇಳುವುದಾದರೆ, ಸಕ್ಕರೆ ಕಾಯಿಲೆ ಹಿಡಿದಿದೆ. ಈಸ್ಟರಿನ ಸಿಹಿ ಬ್ರೆಡ್ಡಿನಲ್ಲಿ ಓಡೆಟ್ ನನಗೆ ಬೆರಳಗಲದ ತುಂಡು ಕೊಟ್ಟು ಉಳಿದದ್ದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಮೂವತ್ತು ವರ್ಷ ಸಂಸಾರ ಮಾಡಿದ ಮೇಲೆ ನನ್ನ ಯೋಗ್ಯತೆ ಅವಳಿಗೆ ಸರಿಯಾಗಿ ಗೊತ್ತಾಗಿದೆ. ಉಳಿದಂತೆ ಆರೋಗ್ಯ. ತೋಳಂತೂ ಕೇಳಲೇಬೇಡ. ಹೋದ ತಿಂಗಳು ಡಾಕ್ಟರು ನನ್ನ ಭುಜವನ್ನು ಹಿಂದಕ್ಕೆ ಮುಂದಕ್ಕೆ ತಿರುಗಿಸಿ ನೋಡಿ, “ಇದು ಐವತ್ತೈದು ವರ್ಷದೋರ ಭುಜ ಅಲ್ವಲ್ಲ, ಯಾರದನ್ನ ಕದ್ಕೊಂಡ್ ಬಂದ್ರಿ?” ಎಂದು ತಮಾಷೆ ಮಾಡಿದರು. ಅಲ್ಲಿದ್ದ ನರ್ಸು ನಕ್ಕಳು. ನನಗೆ ನಗು ಬರಲಿಲ್ಲ. ಅಂಗಿ ಹಾಕಿಕೊಂಡು ಮನೆಗೆ ಬಂದೆ.

ಈಗ ಸುದ್ದಿ. ನಮ್ಮ ಬೇಸ್‌ಬಾಲ್ ಕ್ಲಬ್ಬಿನವರು ನನ್ನ ನಲವತ್ಮೂರನೇ ನಂಬರಿನ ಅಂಗಿಯನ್ನು ಮೈದಾನದ ಗೋಡೆಗೆ ಏರಿಸುತ್ತಾರಂತೆ. ಇನ್ನು ಮುಂದೆ ಆ ನಂಬರನ್ನು ಯಾರಿಗೂ ಕೊಡುವುದಿಲ್ಲವಂತೆ. ಜುಲೈ ಇಪ್ಪತ್ತು, ಶನಿವಾರ ಮಧ್ಯಾಹ್ನ. ಅಂದು ಪಂದ್ಯದ ಮೊದಲ ಚೆಂಡನ್ನು ಶಾಸ್ತ್ರಕ್ಕೆ ನಾನು ಎಸೆಯಬೇಕು. ಆಫೀಸಿನ ಡಾರ್ಸಿ ಎಂಬ ಹುಡುಗಿ ವಾರಕ್ಕೆ ಮೂರು ಸಲ ಫೋನು ಮಾಡಿ, ನನಗೆ ಯಾವ ಬಣ್ಣದ ಕಾರು ಬೇಕು, ಊಟಕ್ಕೆ ಮೀನಾಗಬಹುದೇ ಎಂದೆಲ್ಲ ಕೇಳುತ್ತಾಳೆ. ಅದಕ್ಕೆಲ್ಲ ಓಡೆಟ್ ಉತ್ತರ ಕೊಡುತ್ತಾಳೆ. ಒಂದು ಪ್ರಶ್ನೆ ಮಾತ್ರ ಉಳಿದಿದೆ. “ನಿಮ್ಮ ಚೆಂಡು ಹಿಡಿಯೋಕೆ ಯಾರನ್ನ ಕೂರಿಸ್ಲಿ ಸರ್?” ಬ್ಯಾಟುಗಾರನ ಹಿಂದೆ ಕೂತು ಚೆಂಡು ಹಿಡಿಯುವ ಅವರ ಈಗಿನ ಕ್ಯಾಚರ್ ಕೈಮುಗಿದುಬಿಟ್ಟನಂತೆ. “ನಕಲ್‌ಬಾಲು ನಾನು ಜನ್ಮದಲ್ಲಿ ಹಿಡಿದಿಲ್ಲ, ಟೀವೀಲಿ ಮೂಗು ಒಡಿಸ್ಕೊಳ್ಳೋಕೆ ನಂಗಿಷ್ಟ ಇಲ್ಲ,” ಎಂದನಂತೆ. ಯೋಚಿಸಿ ಹೇಳುತ್ತೇನೆಂದು ಡಾರ್ಸಿಗೆ ಹೇಳಿ ಹತ್ತು ದಿನವಾಯಿತು. ಇದೇ ಪ್ರಶ್ನೆಯನ್ನು ಇಪ್ಪತ್ತೊಂಬತ್ತು ವರ್ಷದ ಹಿಂದೆ ಇನ್ನೊಬ್ಬರು ನನ್ನನ್ನು ಕೇಳಿದ್ದರು ಟಿಬ್. ಕೇಳಿದ್ದರೆಂಬುದೇ ನಿನಗೆ ಗೊತ್ತಿಲ್ಲ. ನಾನು ಕೊಟ್ಟ ಉತ್ತರವಂತೂ ಗೊತ್ತೇ ಇಲ್ಲ. ಅದನ್ನು ಹೇಳುವುದಕ್ಕೇ ಈ ಕಾಗದ. ಓಡೆಟ್ ಬೆಳಿಗ್ಗೆ ಪೂಜೆಗೆ ಹೊರಡುವ ಮುಂಚೆ ಕಾಗದ, ಪೆನ್ನು ತಂದು ನನ್ನ ಮುಂದಿಟ್ಟು, “ನಾನು ಚರ್ಚಿಂದ ಬರೋಷ್ಟ್ರಲ್ಲಿ ಬರೆದಿರ್ಬೇಕು,” ಎಂದು ಹೋಗಿದ್ದಾಳೆ.

ಮೊದಲಿನಿಂದ ಹೇಳುತ್ತೇನೆ, ನೀನು ತಾಳ್ಮೆಯಿಂದ ಓದು. ನಮ್ಮ ಮೂರಂತಸ್ತಿನ ಮರದ ಮನೆಗೂ ಪಕ್ಕದ ಮನೆಗೂ ನಡುವೆ ಇದ್ದ ಓಣಿ ನೆನಪಿದೆಯಲ್ಲ? ತಲೆಯ ಮೇಲೆ ನಾಲ್ಕು ಮನೆಯವರ ಬಟ್ಟೆ ಹಗ್ಗಗಳು. ಅಪ್ಪ ಮಿಲ್ಲಿನಿಂದ ಬಂದು, ತಲೆಗೂದಲಿನ ಹತ್ತಿ ಕೊಡವಿಕೊಂಡು, ಊಟಕ್ಕೂ ಮೊದಲು ನಮ್ಮಿಬ್ಬರನ್ನು ಅಲ್ಲಿ ನಿಲ್ಲಿಸುತ್ತಿದ್ದ. ಈ ನಕಲ್‌ಬಾಲ್ ಎಂಬ ಎಸೆತವನ್ನು ಅಪ್ಪನಿಗೆ ಕಲಿಸಿದವನು ಮಿಲ್ಲಿನ ತಂಡದ ಒಬ್ಬ ಬಣ್ಣಗಾರ. ಕಲಿಸಿದ್ದಕ್ಕೆ ಅವನು ಏನೂ ತೆಗೆದುಕೊಳ್ಳದೆ, ಯಾರಾದರೂ ಬಂದು ಕೇಳಿದರೆ ಇಲ್ಲವೆನ್ನದೆ ಹೇಳಿಕೊಡು ಎಂದಷ್ಟೇ ಮಾತು ತೆಗೆದುಕೊಂಡಿದ್ದನಂತೆ. ಅಪ್ಪ ಅದನ್ನು ಸೋಮಾರಿ ಚೆಂಡು ಎನ್ನುತ್ತಿದ್ದ. ಎರಡು ಬೆರಳಿನ ಉಗುರನ್ನು ಚೆಂಡಿನ ತೊಗಲಿಗೆ ಊರಿ, ಸ್ವಲ್ಪವೂ ತಿರುಗದ ಹಾಗೆ ಬಿಡಬೇಕು. ತಿರುಗದ ಚೆಂಡು ಗಾಳಿಯಲ್ಲಿ ತೂರಾಡಿಕೊಂಡು ಹೋಗುತ್ತದೆ, ಎಲ್ಲಿಗೆ ಹೋಗುತ್ತದೆಂದು ಬ್ಯಾಟು ಹಿಡಿದವನಿಗೂ ತಿಳಿಯದು, ಎಸೆದವನಿಗೂ ತಿಳಿಯದು. “ಬಿಡೋವಾಗ ಬೆರಳು ಆಡಿಸ್ಬೇಡ ಕಣೋ ಲೀನೊ. ಚೆಂಡಿಗೆ ನೀನೇನೂ ಹೇಳ್ಕೊಡ್ಬೇಡ, ಅದ್ರ ಪಾಡಿಗೆ ಹೋಗ್ಲಿ.” ನಿನಗೆ ಹೇಳುತ್ತಿದ್ದದ್ದೇ ಬೇರೆ. “ಟಿಬ್, ನೀನು ಅದನ್ನ ಹಿಡಿಯೋಕೆ ಮುಂದೆ ಹೋಗ್ಬೇಡ. ಬರ್ಲಿ. ಅದು ಬರೋ ತನಕ ಕಾಯಿ.” ಮೊದಲ ವಾರ ನಿನ್ನ ತುಟಿ ಒಡೆಯಿತು, ಎರಡನೇ ವಾರ ಹಲ್ಲು ಹೋಯಿತು. ಅಮ್ಮ ಕಿಟಕಿಯಿಂದ, “ನನ್ನ ಮಗೂನ ಮುಖ ಮುಖದ ಥರ ಉಳಿಸ್ರೋ, ಮುಂದೆ ಹೆಣ್ಣು ಕೊಡ್ಬೇಕು ಯಾರಾದ್ರೂ!” ಎಂದು ಕೂಗುತ್ತಿದ್ದಳು. ಕೊನೆಗೂ ಹೆಣ್ಣು ಸಿಕ್ಕಿತು, ಅಮ್ಮನಿಗೆ ಅದೇ ಸಮಾಧಾನ.

ಆ ಓಣಿಯಲ್ಲಿ ನೀನು ಕಲಿತದ್ದನ್ನು ನಾನು ಆಗ ಲೆಕ್ಕಕ್ಕೇ ಇಟ್ಟಿರಲಿಲ್ಲ. ಎಸೆಯುವುದು ದೊಡ್ಡದು, ಹಿಡಿಯುವುದೇನು ಮಹಾ ಎಂದುಕೊಂಡಿದ್ದೆ. ಅಯೋವಾದ ಮಾರ್ಲೋ ಊರಿನ ಕೆಳದರ್ಜೆ ತಂಡಕ್ಕೆ ನನ್ನನ್ನು ತೆಗೆದುಕೊಂಡಾಗ ತಿಳಿಯಿತು. ಅಲ್ಲಿನ ಇಬ್ಬರು ಕ್ಯಾಚರುಗಳಲ್ಲಿ ಒಬ್ಬ ಎರಡೇ ದಿನಕ್ಕೆ ಮುಖಗವಸು ಬಿಚ್ಚಿ ನನ್ನ ಕಾಲ ಬಳಿ ಎಸೆದು, “ನಿನ್ನ ಚೆಂಡು ಹಿಡಿಯೋಕೆ ನಿಮ್ಮಮ್ಮನ್ನೇ ಕರೆಸ್ಕೋ,” ಎಂದ. ಅಮ್ಮನ ಬದಲು ನಿನ್ನನ್ನು ಕರೆಸಿಕೊಂಡೆ. ಅಮ್ಮ ಪರದೆ ಕಾರ್ಖಾನೆಯ ದಪ್ಪ ಸೂಜಿಯಲ್ಲಿ ಎರಡು ಹಳೆಯ ಗ್ಲೌಸುಗಳನ್ನು ಬಿಚ್ಚಿ ಸೇರಿಸಿ ಹೊಲಿದುಕೊಟ್ಟ ಆ ಬಾಣಲೆಯಷ್ಟು ಅಗಲದ ಗ್ಲೌಸನ್ನು ಕಂಕುಳಲ್ಲಿ ಇಟ್ಟುಕೊಂಡು ನೀನು ಬಸ್ಸಿನಿಂದ ಇಳಿದೆ. ತಂಡದವರೆಲ್ಲ ನಕ್ಕರು. ಒಂದು ವಾರ ಕಳೆದ ಮೇಲೆ ನಗುವವರು ಯಾರೂ ಇರಲಿಲ್ಲ. ನಾನು ಬಸ್ಸಿನಲ್ಲಿ ಉಗುರು ತೀಡಿಕೊಳ್ಳುತ್ತಾ ಕೂತರೆ, “ನಮ್ಮ ಮದುಮಗಳು ಸಿಂಗಾರ ಮಾಡ್ಕೋತಿದಾಳೆ, ಕಿಟಕಿ ಮುಚ್ರೋ,” ಎಂದು ಎಲ್ಲರಿಗಿಂತ ಮೊದಲು ಕಿಚಾಯಿಸುತ್ತಿದ್ದವನೂ ನೀನೇ. ನನ್ನ ಬದುಕಿನಲ್ಲಿ ಅಷ್ಟು ಸಂತೋಷದ ದಿನಗಳು ಮತ್ತೆ ಬರಲಿಲ್ಲ.

ಈಗ ಮಿಸ್ಟರ್ ಪೆಲ್ ವಿಷಯ. ಮಾರ್ಲೋ ಪತ್ರಿಕೆಯ ಆ ಮುದುಕ, ಪ್ರೇಕ್ಷಕರ ಅಟ್ಟಣೆಯ ಮೇಲಿನ ತಗಡಿನ ಗೂಡಿನಲ್ಲಿ ಕಡಲೆಕಾಯಿ ಸಿಪ್ಪೆ ಉಗುಳುತ್ತಾ ಆಟದ ಪುಸ್ತಕ ಬರೆಯುತ್ತಿದ್ದವನು. ಚೆಂಡು ಕ್ಯಾಚರನನ್ನು ದಾಟಿ ಹಿಂದಿನ ಗೋಡೆಗೆ ಉರುಳಿದರೆ ತಪ್ಪು ಯಾರದೆಂದು ಅವನೇ ತೀರ್ಮಾನಿಸಬೇಕು. ಎಸೆದವನದಾದರೆ ‘ಕೆಟ್ಟ ಎಸೆತ’, ಹಿಡಿಯಬೇಕಾದವನದಾದರೆ ‘ಕೈತಪ್ಪು’. ಕೈತಪ್ಪಿನಿಂದ ಬಂದ ರನ್ನು ಎಸೆದವನ ತಲೆಗೆ ಬರುವುದಿಲ್ಲ. ಒಂದು ಸಂಜೆ ಪಂದ್ಯ ಮುಗಿದ ಮೇಲೆ ನಾನು ಆ ಗೂಡಿನ ಏಣಿಯ ಕೆಳಗೆ ಕೂತು ಬೂಟು ಬಿಚ್ಚುತ್ತಿದ್ದೆ. ನೀನು ಮೇಲಿದ್ದೆ. ಆಗ ಮೈದಾನದಲ್ಲಿ ರೂಬಾರ್ಬಿನ ಕೆಂಪು ದಂಟಿನ ಪೈ ಮಾರುತ್ತಿದ್ದ ಇಂಗಾಳಿಂದ ನೀನು ಪೆಲ್‌ಗೆಂದು ಒಂದು ಪೈ ತೆಗೆದುಕೊಂಡು ಹತ್ತಿದ್ದೆ. ನಿನ್ನ ದನಿ ಕೇಳಿಸಿತು. “ಐದನೇ ಸುತ್ತಿಂದು ನಂದು ಮಿಸ್ಟರ್ ಪೆಲ್. ಕೈಗೇ ಬಂದಿತ್ತು, ನಾನೇ ಬಿಟ್ಟೆ.” ಮುದುಕ ಹೇಳಿದ: “ಎರಡಡಿ ಆಚೆ ನೆಲಕ್ಕೆ ಬಿದ್ದಿದ್ದು ನಿನ್ನ ಕೈಗೆ ಬಂದಿತ್ತೇನೋ? ಎಷ್ಟುದ್ದ ಇದೆಯಪ್ಪಾ ನಿನ್ನ ಕೈ?” ಆಮೇಲೆ ರಬ್ಬರು ಉಜ್ಜುವ ಸದ್ದು. ನೀನು ಕೆಳಗಿಳಿದು ಬಂದು, “ಹೊಟ್ಟೆ ಹಸೀತಿದೆ, ನಡಿ ಲೀನೊ,” ಎಂದೆ. ನಾನು ಏನೂ ಕೇಳಿಸಿಕೊಳ್ಳದವನಂತೆ ಎದ್ದು ನಡೆದೆ.

ಹೌದು ಟಿಬ್, ನನಗೆ ಗೊತ್ತಿತ್ತು. ಆ ಸಂಜೆಯಿಂದ ಗೊತ್ತಿತ್ತು. ಅದು ಒಂದು ದಿನದ ಮಾತಲ್ಲ, ವಾರಕ್ಕೆ ಎರಡು ಸಲ ನೀನು ಆ ಏಣಿ ಹತ್ತುತ್ತಿದ್ದೆ. ಇಂಗಾಳ ಮೇಲಿನ ಆಸೆಗೆ ಪೈ ಕೊಳ್ಳುತ್ತೀಯೆಂದು ತಂಡದವರು ಅಂದುಕೊಂಡಿದ್ದರು. ಅದೂ ಇತ್ತೆನ್ನು. ಪ್ರತಿ ಸೋಮವಾರ ಪತ್ರಿಕೆಯಲ್ಲಿ ನನ್ನ ಅಂಕಿ ಚೆನ್ನಾಗಿ ಕಾಣುತ್ತಾ ಹೋಯಿತು, ನಿನ್ನದು ಕೆಡುತ್ತಾ ಹೋಯಿತು. ನಾಳೆ ನಾನೇ ಹತ್ತಿ ಪೆಲ್‌ಗೆ ನಿಜ ಹೇಳುತ್ತೇನೆಂದು ಅಂದುಕೊಳ್ಳುತ್ತಿದ್ದೆ. ಪತ್ರಿಕೆ ನೋಡಿದ ಮೇಲೆ ಮುಂದಿನ ವಾರ ನೋಡೋಣ ಎನಿಸುತ್ತಿತ್ತು.

ಅರವತ್ತೇಳರ ಜುಲೈನಲ್ಲಿ ಮೇಲಿನ ತಂಡದ ಮ್ಯಾನೇಜರ್ ಟ್ಯಾಗರ್ಟ್ ತಾನೇ ಮಾರ್ಲೋಗೆ ಬಂದು ನನ್ನ ಆಟ ನೋಡಿದ್ದು ನಿನಗೆ ಗೊತ್ತು. ಮರುದಿನ ಮಧ್ಯಾಹ್ನ ಆಫೀಸಿನ ಬಾಗಿಲು ಹಾಕಿಕೊಂಡು ಅವನು ನನ್ನೊಬ್ಬನ ಹತ್ತಿರ ಮಾತಾಡಿದ್ದು ಮಾತ್ರ ಗೊತ್ತಿಲ್ಲ. ಮೇಜಿನ ಮೇಲೆ ನಮ್ಮಿಬ್ಬರ ಅಂಕಿಯ ಹಾಳೆ ಇತ್ತು. “ನಿನ್ನ ಕರ್ಕೊಂಡು ಹೋಗೋದು ಗ್ಯಾರಂಟಿ ಅಂತ ತಿಳ್ಕೋ. ಆದ್ರೆ ನಿಂದನ್ನ ಹಿಡಿಯೋರು ನಮ್ಮಲ್ಲಿ ಯಾರೂ ಇಲ್ಲ. ಇನ್ನೊಬ್ಬನ್ನ ಜೊತೇಲಿ ಸೇರಿಸ್ಕೊಳ್ಳೋಕೆ ಒಂದು ಜಾಗ ಇದೆ. ನಿನ್ನ ತಮ್ಮನ ಹೆಸರಲ್ಲಿ ಮೂವತ್ತೆಂಟು ಕೈತಪ್ಪಿದೆ. ಇವೆಲ್ಲ ಅವನವೇನಾ? ಅಥವಾ ನಿನ್ನವನ್ನೂ ಅವನ ಹೆಸರಿಗೆ ಬರ್ದಿದಾರಾ? ನಿಜ ಹೇಳು.” ಟ್ಯಾಗರ್ಟ್ ಒಳ್ಳೆಯ ಮನುಷ್ಯ. ನಿನ್ನನ್ನು ಕರೆದುಕೊಂಡು ಹೋಗಬೇಕೆಂದೇ ಕೇಳಿದನೆಂದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ಅವುಗಳಲ್ಲಿ ನನ್ನವೂ ಇವೆ ಎಂದಿದ್ದರೆ ಆ ಕೈತಪ್ಪುಗಳೆಲ್ಲ ನನ್ನ ಕೆಟ್ಟ ಎಸೆತಗಳಾಗುತ್ತಿದ್ದವು. ನನ್ನ ಚೆಂದದ ಅಂಕಿ ಸುಳ್ಳಾಗುತ್ತಿತ್ತು. ನನಗೆ ಇಪ್ಪತ್ತಾರು ವರ್ಷ, ಈ ಬಾಗಿಲು ಮುಚ್ಚಿದರೆ ಮತ್ತೆ ಮಿಲ್ಲಿನ ದಾರಿ. “ಪುಸ್ತಕದಲ್ಲಿ ಹೇಗಿದ್ಯೋ ಹಾಗೇ ಸರ್,” ಎಂದೆ. ಅಷ್ಟಕ್ಕೆ ಬಾಯಿ ಮುಚ್ಚಿದ್ದರೂ ಆಗುತ್ತಿತ್ತು. “ಯಾರಾದ್ರೂ ಹಿಡೀತಾರೆ ಸರ್, ಅಷ್ಟೇನೂ ಕಷ್ಟ ಇಲ್ಲ,” ಎಂದೂ ಸೇರಿಸಿದೆ. ಅವನು ಹಾಳೆ ಮಡಿಸಿ ಜೇಬಿಗೆ ಹಾಕಿಕೊಂಡ.

ಬಸ್ ನಿಲ್ದಾಣಕ್ಕೆ ನನ್ನ ಪೆಟ್ಟಿಗೆ ಹೊತ್ತು ತಂದವನು ನೀನು. ಬಸ್ಸು ಹೊರಡುವಾಗ ಅಮ್ಮ ಹೊಲಿದ ಗ್ಲೌಸನ್ನು ಕಿಟಕಿಯೊಳಗೆ ತೂರಿಸಿ, “ಅಲ್ಲಿ ಯಾರು ಹಿಡೀತಾರೋ ಅವ್ರಿಗೆ ಕೊಡು. ಮುಂದೆ ಹೋಗ್ಬೇಡಿ, ಕಾಯಿರಿ ಅಂತ ಹೇಳು,” ಎಂದೆ. ನಾನು ತೆಗೆದುಕೊಂಡೆ. ತೆಗೆದುಕೊಳ್ಳಲು ಕೈ ಹೇಗೆ ಬಂತೋ, ನನಗೇ ಗೊತ್ತಿಲ್ಲ. ಮುಂದಿನ ವಸಂತದಲ್ಲಿ ಮಾರ್ಲೋ ತಂಡ ನಿನ್ನನ್ನು ಬಿಟ್ಟಿತು. ಕೈತಪ್ಪು ಹೆಚ್ಚು ಎಂಬುದೇ ಕಾರಣವೆಂದು ನೀನು ಅಮ್ಮನಿಗೆ ಬರೆದಿದ್ದೆ. ಸಮುದ್ರ ಬಿಟ್ಟಿರಲಾರದವನು ಇಂಗಾಳ ಅಪ್ಪನ ಬೀಜದಂಗಡಿಯಲ್ಲಿ, ಸುತ್ತ ನೂರು ಮೈಲಿ ಜೋಳದ ನಡುವೆ ಉಳಿದುಬಿಟ್ಟೆ.

ನಾನು ಮೇಲಿನ ತಂಡದಲ್ಲಿ ಇಪ್ಪತ್ತೆರಡು ವರ್ಷ ಆಡಿದೆ. ಆ ಗ್ಲೌಸನ್ನು ಆರು ಮಂದಿ ಕ್ಯಾಚರುಗಳು ತೊಟ್ಟರು. ಒಬ್ಬನೂ ಕಾಯಲಿಲ್ಲ, ಎಲ್ಲರೂ ಮುಂದೆ ಬಿದ್ದು ಹಿಡಿಯಹೋಗಿ ಕೈ ಮುರಿದುಕೊಂಡರು, ನನ್ನನ್ನು ಬೈದರು. ಎಲ್ಲ ಮುಗಿದ ದಿನ ಟಿಬ್‌ಗೆ ಬರೆಯುತ್ತೇನೆಂದು ಮೊದಲ ವರ್ಷವೇ ಅಂದುಕೊಂಡಿದ್ದೆ. ಚೆಂಡು ಎಸೆಯುವವನ ಆಟ ಎಷ್ಟು ವರ್ಷದ್ದು? ರಭಸದಿಂದ ಎಸೆಯುವವರು ಒಬ್ಬೊಬ್ಬರಾಗಿ ತೋಳು ಕೆಡಿಸಿಕೊಂಡು ಇಪ್ಪತ್ತೊಂಬತ್ತಕ್ಕೆ, ಮೂವತ್ತೊಂದಕ್ಕೆ ಮನೆಗೆ ಹೋದರು. ನನಗಿಂತ ಹತ್ತು ವರ್ಷ ಚಿಕ್ಕವರಿಗೂ ಬೀಳ್ಕೊಡುಗೆ ಕೇಕು ಕತ್ತರಿಸಿ ಬಂದೆ. ನನ್ನದು ಮಾತ್ರ ಮುಗಿಯಲೊಲ್ಲದು. ಸೋಮಾರಿ ಚೆಂಡಿಗೆ ಬಲ ಬೇಡವಲ್ಲ. ನಲವತ್ತಾಯಿತು, ಪತ್ರಿಕೆಯವರು ಅಜ್ಜ ಎಂದರು. ನಲವತ್ತೈದಾಯಿತು, ಎದುರಾಳಿ ತಂಡದ ಒಬ್ಬ ಬ್ಯಾಟು ಕೆಳಗಿಟ್ಟು, “ನಮ್ಮಪ್ಪನ್ನ ಔಟ್ ಮಾಡಿದ್ದು ಸಾಕಾಗ್ಲಿಲ್ವಾ ನಿಮ್ಗೆ?” ಎಂದು ಕೇಳಿದ. ಮೈದಾನವೆಲ್ಲ ನಕ್ಕಿತು. ಮುಗಿಯುವ ದಿನಕ್ಕೆ ಕಾದವನಿಗೆ ಮುಗಿಯದ ತೋಳು ಸಿಕ್ಕಿತ್ತು. ಅದೃಷ್ಟವಂತ ಎಂದು ಜನ ಹೊಗಳುವಾಗೆಲ್ಲ ನಾನು ಮಾತು ಬದಲಿಸುತ್ತಿದ್ದೆ. ನಲವತ್ತೆಂಟಕ್ಕೆ ಕೊನೆಗೂ ಬಿಟ್ಟರು. ಆಮೇಲಿನ ಏಳು ವರ್ಷಕ್ಕೆ ನನ್ನ ಹತ್ತಿರ ಯಾವ ನೆಪವೂ ಇಲ್ಲ.

ಎಪ್ಪತ್ತೆಂಟರಲ್ಲಿ ಅಮ್ಮನನ್ನು ಮಣ್ಣು ಮಾಡಿ ಬಂದ ದಿನ ಒಂದು ಅವಕಾಶವಿತ್ತು. ಅಡುಗೆಮನೆಯಲ್ಲಿ ಎಲ್ಲರೂ ಕೇಲ್ ಸೊಪ್ಪಿನ ಸೂಪು ಕುಡಿಯುತ್ತಾ ಕೂತಿದ್ದೆವು. ಅಣ್ಣನ ಜೊತೆ ನೀನೂ ಮೇಲಿನ ತಂಡಕ್ಕೆ ಹೋಗಬಹುದಿತ್ತಲ್ಲವೇ ಎಂದು ಚಿಕ್ಕಪ್ಪ ನಿನ್ನನ್ನು ಕೇಳಿದ. ನೀನು ನಿನ್ನ ಸೊಟ್ಟ ಬೆರಳು ಎತ್ತಿ ತೋರಿಸಿ, “ನನ್ನದು ತೂತು ಕೈ ಚಿಕ್ಕಪ್ಪ. ಮೂವತ್ತೆಂಟು ಬಿಟ್ಟೋನು. ಜೊತೇಲಿದ್ದಿದ್ರೆ ಲೀನೊನ್ನೂ ಮುಳುಗಿಸ್ತಿದ್ದೆ,” ಎಂದೆ. ಎಲ್ಲರೂ ನಕ್ಕರು. ಆಗ ನೀನು ನನ್ನ ಕಡೆ ನೋಡಿದೆಯೋ, ನನ್ನ ಹಿಂದಿದ್ದ ಉಪ್ಪಿನ ಡಬ್ಬಿಯ ಕಡೆ ನೋಡಿದೆಯೋ, ಇವತ್ತಿಗೂ ನನಗೆ ಗೊತ್ತಿಲ್ಲ. ನಾನು ಎದ್ದು ಎಲ್ಲರಿಗೂ ಇನ್ನೊಂದು ಸೌಟು ಸೂಪು ಬಡಿಸಿದೆ. ಆ ಮಾತನ್ನು ನೀನು ತಮಾಷೆಗೆ ಹೇಳಲಿಲ್ಲ, ನಂಬಿ ಹೇಳಿದೆ. ಎಷ್ಟನ್ನೋ ನೀನೇ ಬೇಕೆಂದು ಬರೆಸಿಕೊಂಡವನು, ವರ್ಷ ಕಳೆದಂತೆ ಎಲ್ಲವೂ ನಿನ್ನ ತಪ್ಪೇ ಎಂದು ನಂಬಿಬಿಟ್ಟಿದ್ದೆ. ನಂಬಲು ಬಿಟ್ಟವನು ನಾನು.

ಹೋದ ತಿಂಗಳು ಪೆಲ್‌ನ ಮಗಳು ಅಪ್ಪನ ಅರವತ್ತೇಳರ ಪುಸ್ತಕವನ್ನು ಕ್ಲಬ್ಬಿಗೆ ಕಳಿಸಿದಳು, ಅಂಗಿಯ ಜೊತೆ ಗಾಜಿನ ಪೆಟ್ಟಿಗೆಯಲ್ಲಿ ಇಡಲಿ ಎಂದು. ಸರಿಯಿದೆಯೇ ನೋಡಿ ಎಂದು ಅವರು ನನಗೆ ಕೊಟ್ಟರು. ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದೇ ಹಾಳೆ ನೋಡಿದೆ. ಮೂವತ್ತೆಂಟರಲ್ಲಿ ಇಪ್ಪತ್ತಾರು ಕಡೆ ರಬ್ಬರು ಉಜ್ಜಿ ಕಾಗದ ತೆಳುವಾಗಿದೆ. ಎರಡು ಕಡೆ ಪೈನ ಕೆಂಪು ಕಲೆಯೂ ಇದೆ. ಹಾಗಾದರೆ ನೀನು ನಿಜವಾಗಿ ಬಿಟ್ಟದ್ದು ಹನ್ನೆರಡು. ಹನ್ನೆರಡು ಟಿಬ್! ಆ ಚೆಂಡನ್ನು ಅಷ್ಟು ಕಡಿಮೆ ಬಿಟ್ಟವನನ್ನು ನಾನು ಮೇಲೆ ಇಪ್ಪತ್ತೆರಡು ವರ್ಷದಲ್ಲಿ ಒಬ್ಬನನ್ನೂ ಕಾಣಲಿಲ್ಲ. ನಿನ್ನ ಕೈ ತೂತಲ್ಲ, ಯಾವತ್ತೂ ತೂತಾಗಿರಲಿಲ್ಲ. ಇದನ್ನು ಟ್ಯಾಗರ್ಟ್‌ಗೆ ಹೇಳಬೇಕಿತ್ತು, ಅವನು ತೀರಿಕೊಂಡು ಹನ್ನೊಂದು ವರ್ಷವಾಯಿತು. ಅಮ್ಮನಿಗೆ ಹೇಳಬೇಕಿತ್ತು. ಈಗ ಉಳಿದವನು ನೀನೊಬ್ಬ. ನನ್ನ ಬಾಳಿನ ಅತ್ಯಂತ ಕೀಳು ಕೆಲಸ ಅದು, ಅದರ ಮೇಲೇ ನನ್ನ ಹೆಸರು ನಿಂತಿದೆ. ಪಶ್ಚಾತ್ತಾಪ ಎಂದು ಬರೆದರೆ ತೀರಾ ಸಣ್ಣದಾಗಿ ಕಾಣುತ್ತದೆ, ಆದರೂ ಬರೆಯುತ್ತಿದ್ದೇನೆ. ಕ್ಷಮಿಸು ಎಂದು ಕೇಳುವ ಧೈರ್ಯ ಇನ್ನೂ ಬಂದಿಲ್ಲ. ಓದಿ ಸಿಟ್ಟು ಬಂದರೆ ಫೋನು ಮಾಡಿ ಬೈ, ಇಂಗಾಳ ಕೈಗೂ ಕೊಡು, ಅವಳೂ ಬೈಯಲಿ.

ಓಡೆಟ್ ಬಂದಳು, ಚರ್ಚಿನ ಹೂವು ತಂದಿದ್ದಾಳೆ, ನಿನ್ನನ್ನು ಕೇಳಿದಳೆಂದು ಬರೆಯಲು ಹೇಳುತ್ತಿದ್ದಾಳೆ. ಇಂಗಾಳಿಗೆ ನನ್ನ ಪ್ರೀತಿ, ನಿನ್ನ ಇಬ್ಬರು ಹೆಣ್ಣುಮಕ್ಕಳಿಗೆ ದೊಡ್ಡಪ್ಪನ ಮುತ್ತು. ನಿನ್ನ ಮಂಡಿ ಬೇಗ ವಾಸಿಯಾಗಲಿ, ಅಂಗಡಿ ಚೆನ್ನಾಗಿ ನಡೆಯಲಿ. ಆಶೀರ್ವಾದ ಮಾಡುವ ಯೋಗ್ಯತೆ ನನಗೆ ಇದೆಯೋ ಇಲ್ಲವೋ, ಅಮ್ಮನ ಪರವಾಗಿ ಮಾಡುತ್ತಿದ್ದೇನೆ, ತೆಗೆದುಕೋ.

ನಿನ್ನ ಅಣ್ಣ,
ಅಡೆಲಿನೊ ಫುರ್ಟಾಡೊ (ನಿನ್ನ ಲೀನೊ)

ಮತ್ತೆ: ಲಕೋಟೆ ಅಂಟಿಸುವಷ್ಟರಲ್ಲಿ ಡಾರ್ಸಿಯ ಫೋನು ಬಂತು, ಇವತ್ತು ಅಲ್ಲಿ ಪಂದ್ಯವಿದೆಯಂತೆ, ಹೆಸರು ಇವತ್ತೇ ಬೇಕಂತೆ. ಅಯೋವಾದ ಟಿಬೇರಿಯೊ ಫುರ್ಟಾಡೊ ಎಂದು ಹೇಳಿಬಿಟ್ಟೆ. ಒಪ್ಪಿದ್ದಾರಾ ಎಂದಳು, ಇನ್ನೂ ಕೇಳಿಲ್ಲ ಎಂದೆ. ಅವರು ಬರದಿದ್ದರೆ ಯಾರನ್ನು ಕೂರಿಸಲಿ ಎಂದಳು, ಯಾರೂ ಬೇಡ ಎಂದೆ. ಅಮ್ಮ ಹೊಲಿದ ಗ್ಲೌಸನ್ನು ನಾಳೆ ಪಾರ್ಸೆಲ್ ಮಾಡುತ್ತೇನೆ. ಮಂಡಿ ಬಗ್ಗದಿದ್ದರೆ ಕುರ್ಚಿ ಹಾಕಿಸೋಣ. ನೀನು ಬಾರದಿದ್ದರೂ ನಾನು ಖಾಲಿ ಜಾಗಕ್ಕೇ ಎಸೆಯುತ್ತೇನೆ, ಅದು ಗೋಡೆಗೆ ಉರುಳಿ ಹೋಗಲಿ. ಶಾಸ್ತ್ರದ ಚೆಂಡು ಯಾವ ಲೆಕ್ಕಕ್ಕೂ ಸೇರದೆಂದು ಗೊತ್ತು, ಆದರೂ ಮೇಲೆ ಪುಸ್ತಕ ಬರೆಯುವವರಿಗೆ ಹೇಳಲು ಡಾರ್ಸಿಗೆ ತಿಳಿಸಿದ್ದೇನೆ: ಕೆಟ್ಟ ಎಸೆತ ಎಂದು ಬರೆಯಲಿ, ನನ್ನ ಹೆಸರಿಗೆ.